ತಾಯಿಕುತ್ತಿಗೆ

ಮೆಣಸಗಟ್ಟಿಯ ಮೆಣಸಿನಕಾಯಿಯ ಘಾಟು ಎಂಥದ್ದೆಂದರೆ, ಸುಗ್ಗಿಯ ಕಾಲದಲ್ಲಿ ಆ ಊರಿನ ಮೇಲೆ ಹಾರುವ ವಿಮಾನದ ಪೈಲಟ್ ಮೂರು ಸಲ ಸೀನಿ, ಗೋವಾಕ್ಕೆ ಹೊರಟವನು ಗುಂತಕಲ್ಲಿನ ಜೋಳದ ಹೊಲದಲ್ಲಿ ಇಳಿಯುತ್ತಾನೆ. ಇದರಲ್ಲಿ ಎಳ್ಳಷ್ಟೂ ಉತ್ಪ್ರೇಕ್ಷೆಯಿಲ್ಲ. ನಿಜಕ್ಕೂ ಆತ ಸೀನುವುದು ಏಳು ಸಲ. ಅಂಥ ಊರಿನ ಪೇಟೆಯಲ್ಲಿ ಮೂವತ್ತೊಂದು ವರ್ಷ ಚೀಲ ಹೊತ್ತ ಹಮಾಲಿ ಗುತ್ಯಪ್ಪನ ಕುತ್ತಿಗೆಯನ್ನು ಕುತ್ತಿಗೆ ಎಂದು ಕರೆಯುವುದೇ ತಪ್ಪು. ಅದು ಕಂಬ. ಅದರ ಮೇಲೆ ಒಂದು ಚೀಲ ಇಟ್ಟರೆ ಅದಕ್ಕೆ ಗೊತ್ತೇ ಆಗುತ್ತಿರಲಿಲ್ಲ. ಎರಡಿಟ್ಟರೆ ಮೂರನೆಯದೆಲ್ಲಿ ಎಂದು ಕೇಳುತ್ತಿತ್ತು. ಒಮ್ಮೆ ಲಾರಿ ಪಂಕ್ಚರ್ ಆದಾಗ ಜಾಕ್ ಸಿಗದೆ ಗುತ್ಯಪ್ಪನನ್ನೇ ಅದರ ಕೆಳಗೆ ಕೂರಿಸಿದ್ದರು ಎಂದು ಪೇಟೆಯಲ್ಲಿ ಇವತ್ತಿಗೂ ಹೇಳುತ್ತಾರೆ. ಹೇಳುವವರೆಲ್ಲರೂ ಆ ಹೊತ್ತಿನಲ್ಲಿ ಅದೇ ಲಾರಿಯ ಮೇಲೆ ಕೂತಿದ್ದವರು.

ಅಂಥ ಕುತ್ತಿಗೆ ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ, ಚೀಲ ಇಳಿಸಿದ ಮೇಲೆ, ಬಲಕ್ಕೆ ವಾಲಿ ಲಟಕ್ಕೆಂದಿತು. ಗುತ್ಯಪ್ಪ ಹಾಯೆಂದು ಕಣ್ಣು ತೆರೆದ. ಪೇಟೆಯಲ್ಲಿದ್ದ ತಲೆಗಳೆಲ್ಲ ಬಲಕ್ಕೆ ವಾಲಿದ್ದವು.

ದಲಾಲರ ತಲೆ, ಗುಮಾಸ್ತರ ತಲೆ, ಚಹಾದವನ ತಲೆ, ಮೆಣಸಿನಕಾಯಿಯ ರಾಶಿಯ ಸುತ್ತ ಕೂತು ತೊಟ್ಟು ಬಿಡಿಸುತ್ತಿದ್ದ ಇನ್ನೂರು ಹೆಂಗಸರ ತಲೆ. ಗಾಳಿಗೆ ಜೋಳದ ತೆನೆ ಬಾಗಿದ ಹಾಗೆ. ಆದರೆ ಗಾಳಿ ಇರಲಿಲ್ಲ. ಯಾರೂ ಅದನ್ನು ಗಮನಿಸಿದ ಹಾಗೂ ಕಾಣಲಿಲ್ಲ. ವಾಲಿದ ತಲೆಯಲ್ಲೇ ಒಬ್ಬ ಧಾರಣೆ ಕೂಗುತ್ತಿದ್ದ, ಇನ್ನೊಬ್ಬ ಎಲೆಯಡಿಕೆ ಹಾಕುತ್ತಿದ್ದ. ಗುತ್ಯಪ್ಪ ನಿಧಾನಕ್ಕೆ ತಲೆ ನೆಟ್ಟಗೆ ಮಾಡಿದ. ಸಾವಿರ ತಲೆ ನೆಟ್ಟಗಾದವು.

ಎಂಥವನಿಗೂ ಆಗ ಮೈ ಜುಮ್ಮೆನ್ನಬೇಕು. ಗುತ್ಯಪ್ಪನಿಗೆ ಬಂದದ್ದು ಹೆಮ್ಮೆ. ತಾನು ಮೆಣಸಗಟ್ಟಿಯ ತಾಯಿಕುತ್ತಿಗೆ ಎಂಬುದು ಅವನಿಗೆ ಗೊತ್ತಿತ್ತು, ಆದರೆ ಇಷ್ಟು ಜೋರಾಗಿ ಗೊತ್ತಿರಲಿಲ್ಲ.

ಅದರ ಕಥೆ ಇಷ್ಟು. ಆ ಕಾಲಕ್ಕೆ ಲೋಕದ ಕುತ್ತಿಗೆಗಳೆಲ್ಲ ಕೆಟ್ಟುಹೋಗಿದ್ದವು. ಅರ್ಧ ಜನ ಮೊಬೈಲಿನ ಮೇಲೆ ಬಗ್ಗಿ ಕೆಡಿಸಿಕೊಂಡಿದ್ದರು, ಕಾಲು ಜನ ಹೊಲಿಗೆಯಂತ್ರ, ಕಂಪ್ಯೂಟರು, ಎತ್ತರದ ದಿಂಬುಗಳಿಂದ. ಉಳಿದವರದ್ದು ತಗ್ಗುಬಿದ್ದ ರಸ್ತೆಯಲ್ಲಿ ಬೈಕು ಓಡಿಸಿ ಉಳುಕಿತ್ತು. ಒಟ್ಟು ಮಾನವಕುಲ ಬೆಳಿಗ್ಗೆ ಎದ್ದರೆ ಮೊದಲು ಕುತ್ತಿಗೆ ಹಿಡಿದುಕೊಂಡು ಆಮೇಲೆ ದೇವರ ಹೆಸರು ಹೇಳುತ್ತಿತ್ತು. ಆಗ 'ಸಮಗ್ರೀವ' ಎಂಬ ಕಂಪನಿ ಎರಡು ಬೆರಳಗಲದ ಒಂದು ಬಟ್ಟೆಯ ಪಟ್ಟಿ ಮಾಡಿತು. ಅದನ್ನು ಕತ್ತಿನ ಹಿಂಬದಿಗೆ ಅಂಟಿಸಿದರೆ, ಅದರೊಳಗಿನ ಕೂದಲಿಗಿಂತ ಸಣ್ಣ ತಂತಿಗಳು ಸ್ನಾಯುಗಳ ಮಾತು ಕೇಳಿಸಿಕೊಂಡು, ಇರುವೆ ಕಚ್ಚಿದಷ್ಟೂ ಗೊತ್ತಾಗದ ವಿದ್ಯುತ್ತಿನಿಂದ ತಲೆಯನ್ನು ಸರಿಯಾದ ಜಾಗಕ್ಕೆ ತಂದು ನಿಲ್ಲಿಸುತ್ತಿದ್ದವು. ನೋವಿನ ಸುದ್ದಿ ಮಿದುಳಿಗೆ ಹೋಗದ ಹಾಗೆ ದಾರಿಯಲ್ಲೇ ತಡೆಯುತ್ತಿದ್ದವು. ಆದರೆ ಸರಿಯಾದ ಜಾಗ ಯಾವುದು? ಒಳ್ಳೆಯ ಕುತ್ತಿಗೆ ಕಲ್ಲಿನ ಹಾಗೆ ನಿಂತಿರುವುದಿಲ್ಲ, ದಿನವಿಡೀ ಕೂದಲೆಳೆಯಷ್ಟು ಅತ್ತಿತ್ತ ಸರಿಯುತ್ತಲೇ ಇರುತ್ತದೆ. ಅದಕ್ಕೇ ಊರಿಗೊಂದು ನೋವಿಲ್ಲದ ಕುತ್ತಿಗೆಯನ್ನು ಆರಿಸಿ, ಉಳಿದ ಪಟ್ಟಿಗಳೆಲ್ಲ ಆ ಒಂದರ ಪಟ್ಟಿಯನ್ನು ಕ್ಷಣಕ್ಷಣವೂ ನೋಡಿ ಕಲಿಯುವ ಹಾಗೆ ಮಾಡಿದ್ದರು. ಅದೇ ತಾಯಿಕುತ್ತಿಗೆ; ಅದರ ಪಟ್ಟಿ ಬರೀ ಕಲಿಸುತ್ತದೆ, ನೋವು ತಡೆಯುವುದಿಲ್ಲ.

ಮೆಣಸಗಟ್ಟಿಗೆ ಬಂದ ಇಂಜಿನಿಯರ್ ಮೇಘಶ್ಯಾಮ, ಮೈಸೂರು ಕಡೆಯ ಹುಡುಗ, "ನಿಮ್ಮೂರಲ್ಲಿ ಅತಿ ಗಟ್ಟಿ ಕುತ್ತಿಗೆ ಯಾರದು?" ಎಂದು ಕೇಳಿದ್ದೇ ತಡ, ಹಮಾಲರ ಗ್ಯಾಂಗಿನ ಮೇಸ್ತ್ರಿ ಮೌಲಾಸಾಬ ಗುತ್ಯಪ್ಪನನ್ನು ಎಳೆದು ತಂದು ನಿಲ್ಲಿಸಿದ್ದ. "ಇದನ್ನ ನೋಡ್ರಿ ಸಾಹೇಬ್ರ. ಇದು ನಮ್ಮೂರಿನ ಆಸ್ತಿ."

ಪರೀಕ್ಷೆ ನಡೆದದ್ದು ಪೇಟೆಯ ಕಟ್ಟೆಯ ಮೇಲೆ, ಗುತ್ಯಪ್ಪನ ಮೇಲೆ ಚೀಲ ಹೊರಿಸಿ. ಯಂತ್ರ ಅವನ ತಲೆಯನ್ನು ನಲವತ್ತು ಭಂಗಿಯಲ್ಲಿ ಅಳೆಯುವುದು, ಪ್ರತಿ ಭಂಗಿಗೂ ಮೇಘಶ್ಯಾಮ "ಹೇಗಿದೆ?" ಎಂದು ಕೇಳುವುದು, ಉತ್ತರವನ್ನು ಯಂತ್ರ ಬರೆದುಕೊಳ್ಳುವುದು. ಇಲ್ಲೇ ತಪ್ಪಿದ್ದು. ಮೆಣಸಗಟ್ಟಿಯ ಹಮಾಲರಲ್ಲಿ ಒಂದು ಪದ್ಧತಿಯಿದೆ: ಇಬ್ಬರು ಚೀಲ ಎತ್ತಿ ಮೂರನೆಯವನ ಕತ್ತಿನ ಮೇಲಿಡುವಾಗ "ಹೆಂಗೈತಿ?" ಎನ್ನುತ್ತಾರೆ; ಹೊತ್ತವನು "ಹೂವು!" ಎನ್ನಬೇಕು. ಬೇರೆ ಉತ್ತರವಿಲ್ಲ. ಬೆನ್ನು ಮುರಿಯುತ್ತಿದ್ದರೂ ಹೂವು, ಕಣ್ಣು ಕತ್ತಲಾದರೂ ಹೂವು. "ಬ್ಯಾನಿ ಐತಿ" ಎಂದು ನೋವು ಒಪ್ಪಿಕೊಂಡವನ ಮೇಲೆ ಮತ್ತೆ ಯಾರೂ ಚೀಲ ಇಡುವುದಿಲ್ಲ. ಅವನು ಅವತ್ತಿನಿಂದ ಗ್ಯಾಂಗಿನವನಲ್ಲ. ಹಾಗಾಗಿ ಗುತ್ಯಪ್ಪ ನಲವತ್ತು ಪ್ರಶ್ನೆಗೂ, ಪ್ರಶ್ನೆ ಮುಗಿಯುವ ಮುಂಚೆಯೇ, ನಲವತ್ತು ಸಲ ಹೂವು ಎಂದ. ಯಂತ್ರಕ್ಕೆ ಆ ಪದ್ಧತಿ ಗೊತ್ತಿರಲಿಲ್ಲ. ನಲವತ್ತು ಭಂಗಿಯಲ್ಲೂ ನೋವಿಲ್ಲ ಎಂದು ಬರೆದುಕೊಂಡಿತು.

ಅವನ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಎರಡು ವರ್ಷದಿಂದ ಜೋಮು ಹಿಡಿದಿದ್ದವು. ತಲೆಯನ್ನು ಒಂದಿಷ್ಟು ಬಲಕ್ಕೆ ವಾಲಿಸಿಕೊಂಡೇ ನಡೆದರೆ ಹೊರೆ ಹೊರಲು ಆಗುತ್ತಿತ್ತು, ಇಲ್ಲದಿದ್ದರೆ ಇಲ್ಲ. ಇದು ಅವನೊಬ್ಬನಿಗೆ ಗೊತ್ತಿದ್ದ ಸಂಗತಿ.

ಮೊದಲ ಆರು ತಿಂಗಳು ಊರು ಸ್ವರ್ಗವಾಗಿತ್ತು. ಹನ್ನೊಂದು ಸಾವಿರ ಜನ ಪಟ್ಟಿ ಅಂಟಿಸಿಕೊಂಡರು, ಹನ್ನೊಂದು ಸಾವಿರ ಕುತ್ತಿಗೆಯ ನೋವು ಮಾಯವಾಯಿತು. ಎಣ್ಣೆ ತಿಕ್ಕುವವರು ಊರು ಬಿಟ್ಟರು. ಈಗ ಒಂಬತ್ತನೆಯ ತಿಂಗಳು, ಈ ಮಂಗಳವಾರ; ಇಷ್ಟು ದಿನ ಕೂದಲೆಳೆಯಷ್ಟೇ ನಕಲು ಮಾಡುತ್ತಿದ್ದ ಪಟ್ಟಿಗಳು ಈಗ ಇಡೀ ವಾಲನ್ನೇ ಕಲಿತಿದ್ದವು.

ಗುತ್ಯಪ್ಪ ಆ ಮಧ್ಯಾಹ್ನ ಮನೆಗೆ ಹೋಗುವ ದಾರಿಯುದ್ದಕ್ಕೂ ಆಟವಾಡಿದ. ಆಕಾಶ ನೋಡಿದ, ಬಸ್‌ಸ್ಟ್ಯಾಂಡಿನ ಜನವೆಲ್ಲ ಆಕಾಶ ನೋಡಿತು. ಮಿಠಾಯಿ ಅಂಗಡಿಯ ಕಡೆ ತಿರುಗಿದ, ಬೀದಿಯೇ ತಿರುಗಿತು. ಅಂಗಡಿಯವನೂ ತನ್ನದೇ ಗೋಡೆಯ ಕಡೆ ತಿರುಗಿ, ಜಿಲೇಬಿ ಕೊಡಬೇಕಾದ ಕೈಯನ್ನು ಗಾಳಿಗೆ ಚಾಚಿದ. ಗುತ್ಯಪ್ಪ ನಕ್ಕ. ಮನೆ ಮುಟ್ಟುವವರೆಗೂ ನಗುತ್ತಲೇ ಇದ್ದ.

ಹೆಂಡತಿ ಫಕ್ಕೀರವ್ವ ಆಗಷ್ಟೇ ತೊಟ್ಟು ಬಿಡಿಸುವ ಕೆಲಸ ಮುಗಿಸಿ ಬಂದಿದ್ದಳು. ಮೆಣಸಗಟ್ಟಿಯ ಹೆಂಗಸರ ಬೆರಳುಗಳು ಮಧ್ಯಾಹ್ನದ ಹೊತ್ತಿಗೆ ಕೆಂಡ. ಮನೆಗೆ ಬಂದವರೇ ಕೈಯನ್ನು ಮಜ್ಜಿಗೆಯಲ್ಲಿ ಅದ್ದಿಕೊಂಡು ಕೂರುತ್ತಾರೆ. ಆ ಊರಿನಲ್ಲಿ ಕುಡಿಯುವುದಕ್ಕಿಂತ ಅದ್ದುವುದಕ್ಕೇ ಹೆಚ್ಚು ಮಜ್ಜಿಗೆ ಖರ್ಚು. ಆದರೆ ಫಕ್ಕೀರವ್ವ ಕೈ ಒರೆಸಿಕೊಂಡು ನೇರ ರೊಟ್ಟಿ ಬಡಿಯಲು ಕೂತಳು.

"ಮಜ್ಜಿಗಿ ಬ್ಯಾಡೇನ?" ಗುತ್ಯಪ್ಪ ಕೇಳಿದ.

"ಅದ್ಯಾಕ ಬೇಕ್ರಿ ಈಗ? ಹದಿನೈದ ದಿನಾ ಆತು, ಈ ಎರಡು ಬಳ್ಳು ಉರಿಯೂದ ಬಿಟ್ಟಾವ." ಅವಳು ಬಲಗೈಯ ಹೆಬ್ಬೆರಳನ್ನೂ ತೋರುಬೆರಳನ್ನೂ ಎತ್ತಿ ಹಿಡಿದು, ಬಹುಮಾನ ಗೆದ್ದವಳ ಹಾಗೆ ತೋರಿಸಿದಳು. "ನಮ್ಮ ರಾಶಿಮ್ಯಾಲ ಕುಂದ್ರೋ ಎಲ್ಲಾರಿಗೂ ಹಂಗ ಆಗೈತಿ. ಪಟ್ಟಿ ಭಾಳ ಚೊಲೋ ಐತ್ರಿ. ಬಳ್ಳಿನ ಉರೀನೂ ತಗೀತು ನೋಡ್ರಿ!"

ಹೇಳುತ್ತ ಕಾದ ಹಂಚಿನ ಅಂಚಿಗೆ ಆ ಎರಡು ಬೆರಳು ತಾಗಿಸಿದಳು. ತೆಗೆಯಲಿಲ್ಲ. ಮಾತಾಡುತ್ತಲೇ ಇದ್ದಳು. ಸುಟ್ಟ ವಾಸನೆ ಮೂಗಿಗೆ ಬಡಿದಾಗಲೇ ಗುತ್ಯಪ್ಪ ಹಾರಿ ಅವಳ ಕೈ ಎಳೆದದ್ದು.

"ಏನಾತ್ರಿ?" ಎಂದಳು ಅವಳು, ಬೆರಳಿನ ಬೊಬ್ಬೆಯನ್ನು ಬೇರೆಯವರದೆಂಬಂತೆ ನೋಡುತ್ತ. ಅವಳ ತಲೆ ಬಲಕ್ಕೆ ವಾಲಿತ್ತು. ಅದು ಗುತ್ಯಪ್ಪನ ವಾಲು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಫಕ್ಕೀರವ್ವ ತಲೆ ವಾಲಿಸಿದವಳಲ್ಲ. ಕೊಡ ಹೊತ್ತು ಕುಣಿದರೂ ನೀರು ತುಳುಕದ ತಲೆ ಅದು.

ಗುತ್ಯಪ್ಪನಿಗೆ ಅವತ್ತು ರೊಟ್ಟಿ ಇಳಿಯಲಿಲ್ಲ. ಏಳು ರೊಟ್ಟಿಗೇ ಕೈ ತೊಳೆದ.

ಮರುದಿನ ಬೆಳಿಗ್ಗೆ ಬಚ್ಚಲಿನಲ್ಲಿ ಅವನು ಪಟ್ಟಿ ಕಿತ್ತು ಗೂಟಕ್ಕೆ ಸಿಕ್ಕಿಸಿದ. ಸ್ನಾನಕ್ಕೆ ಐದು ನಿಮಿಷ ತೆಗೆಯಬಹುದೆಂದು ಕಂಪನಿಯವರೇ ಹೇಳಿದ್ದರು. ಆದರೆ ಸೋಮಾರಿತನಕ್ಕೆ ಅವನು ತಿಂಗಳುಗಟ್ಟಲೆ ಅದರ ಮೇಲೆಯೇ ನೀರು ಹೊಯ್ದುಕೊಂಡಿದ್ದ. ಪಟ್ಟಿ ತೆಗೆದ ಕೂಡಲೇ ಹೊರಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಬೀದಿಯ ನಲ್ಲಿಯ ಹತ್ತಿರದ ಜಗಳ ನಿಂತಿತು. ದೂರದಲ್ಲಿ ಎಲ್ಲೋ ಒಂದು ಬೈಕು ಧಡಾರನೆ ಬಿತ್ತು. ಆಮೇಲೆ ಏನೂ ಇಲ್ಲ.

ಒದ್ದೆ ಮೈಯಲ್ಲೇ ಹೊರಗೆ ಬಂದ. ಫಕ್ಕೀರವ್ವ ಒಲೆಯ ಮುಂದೆ ಕೂತಿದ್ದಳು. ತಲೆ ಕಲ್ಲಾಗಿತ್ತು. ಕಣ್ಣುಗುಡ್ಡೆ ಮಾತ್ರ ಮೂಲೆಗೆ ಹೊರಳಿ ಅವನನ್ನು ಹುಡುಕಿತು. "ಏನ್ರೀ," ಪಿಸುಗುಟ್ಟಿದಳು, "ನನ್ನ ತಲಿ ಯಾರೋ ಹಿಡಕೊಂಡಾರ. ಹಿಂದ ಯಾರದಾರ ನೋಡ್ರಿ."

ಹಿಂದೆ ಯಾರೂ ಇರಲಿಲ್ಲ. ಗುತ್ಯಪ್ಪ ಬಾಗಿಲಿಗೆ ಹೋಗಿ ಇಣುಕಿದ. ಬೀದಿಯ ಜನವೆಲ್ಲ ಕೊಡ ಹಿಡಿದೋ ಹಲ್ಲುಜ್ಜುತ್ತಲೋ ನಿಂತಿದ್ದರು, ಎಲ್ಲರ ಮುಖವೂ ಒಂದೇ ದಿಕ್ಕಿಗೆ, ಅವನ ಬಚ್ಚಲಿನ ಗೋಡೆಯಲ್ಲಿ ಪಟ್ಟಿ ತೂಗುತ್ತಿದ್ದ ಗೂಟವಿರುವ ದಿಕ್ಕಿಗೆ. ಕಣ್ಣುಗಳು ಮಾತ್ರ ಗಾಬರಿಯಿಂದ ಹೊರಳಾಡುತ್ತಿದ್ದವು. ಇಡೀ ಬೀದಿಯಲ್ಲಿ ಕುತ್ತಿಗೆ ತಿರುಗಿಸಿದ್ದು ಒಂದು ಎಮ್ಮೆ ಮಾತ್ರ.

ಅವನು ಓಡಿಹೋಗಿ ಪಟ್ಟಿ ಅಂಟಿಸಿಕೊಂಡ. ಜಗಳ ನಿಂತ ಮಾತಿನಿಂದಲೇ ಮತ್ತೆ ಶುರುವಾಯಿತು.

ಕಂಪನಿಯ ಕೋಣೆ ಪೇಟೆಯ ಹಳೆಯ ಗೋದಾಮಿನ ಮಹಡಿಯಲ್ಲಿತ್ತು. ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಹನ್ನೊಂದು ಸಾವಿರ ಹಸಿರು ಗೆರೆಗಳು, ಒಂದೊಂದೂ ಒಂದೊಂದು ಕುತ್ತಿಗೆ. ಗುತ್ಯಪ್ಪ ಒಳಗೆ ಕಾಲಿಟ್ಟು ಪರದೆಯ ಕಡೆ ತಲೆಯೆತ್ತಿದಾಗ ಗೆರೆಗಳೆಲ್ಲ ಹಿಂದಕ್ಕೆ ಬಾಗಿದವು, ಅವನನ್ನು ನೋಡಲು ತಲೆಯೆತ್ತಿದ ಹಾಗೆ.

"ಬನ್ನಿ ಗುತ್ಯಪ್ಪನವ್ರೇ!" ಮೇಘಶ್ಯಾಮ ಕುರ್ಚಿ ಎಳೆದ. ಅವನ ಕತ್ತಿನಲ್ಲೂ ಪಟ್ಟಿ, ತಲೆ ಬಲಕ್ಕೆ. "ರಾಜ್ಯದಲ್ಲೇ ನಮ್ಮೂರು ಫಸ್ಟ್ ಗೊತ್ತಾ? ನೋವಿನ ಕೆಂಪು ಗೆರೆ ಒಂದೂ ಇಲ್ಲ."

"ಸಾಹೇಬ್ರ, ಮಂದಿ ಬಳ್ಳು ಜೋಮ ಹಿಡಿಯಾಕತ್ತಾವ."

"ಯಂತ್ರ ಹಾಗೆ ಹೇಳ್ತಿಲ್ವಲ್ಲ. ನೋಡಿ, ಎಲ್ಲರೂ ನಿಮ್ಮ ಹಾಗೇ ಇದಾರೆ. ನೀವು ಸರಿ ಇದ್ದ ಮೇಲೆ ಅವರೂ ಸರಿ ಅಲ್ವಾ?" ಹೇಳುತ್ತ ಮೇಘಶ್ಯಾಮ ಚಹಾದ ಲೋಟ ಎತ್ತಿದ, ಅದು ಹೆಬ್ಬೆರಳು ತೋರುಬೆರಳಿನ ನಡುವಿನಿಂದ ಜಾರಿ ನೆಲಕ್ಕೆ ಬಿದ್ದು ಚೂರಾಯಿತು. ಅವನು ಅದನ್ನು ನೋಡಿ, "ಮೂರನೇದು ಇವತ್ತು," ಎಂದು ನಕ್ಕ.

ಗುತ್ಯಪ್ಪನ ನಾಲಿಗೆಯ ತುದಿಗೆ ನಿಜ ಬಂದಿತ್ತು. ಕೆಳಗೆ ಕಟ್ಟೆಯ ಮೇಲೆ ಮೌಲಾಸಾಬನ ದನಿ, ಚೀಲಗಳ ಧಪ್ ಧಪ್, ಹೂವು, ಹೂವು ಎಂಬ ಕೂಗು ಕೇಳಿಸುತ್ತಿತ್ತು. ನಿಜ ಮತ್ತೆ ಒಳಗೆ ಇಳಿಯಿತು.

"ಎಲ್ಲಾ ಕಿತ್ತೊಗದ್ರ?" ಎಂದಷ್ಟೇ ಕೇಳಿದ.

"ಅಯ್ಯೋ, ಒಮ್ಮೆಲೇ ಕಿತ್ರೆ ತಲೆ ನಿಲ್ಲಲ್ಲ. ಒಂಬತ್ತು ತಿಂಗಳಿಂದ ಸ್ನಾಯುಗಳು ಕೆಲಸ ಮರೆತಿವೆ. ಮೂರು ವಾರ ನಿಧಾನಕ್ಕೆ ಸಡಿಲಿಸ್ಬೇಕು. ತಾಯಿಕುತ್ತಿಗೆ ರದ್ದಾಗದೆ ಹಾಗೆ ಮಾಡೋಕೆ ಯಂತ್ರ ಬಿಡಲ್ಲ. ಅದ್ಯಾಕೆ ರದ್ದಾಗ್ಬೇಕು ಹೇಳಿ? ನೀವೇ ಹೂವು ಅಂದಿದೀರಲ್ಲ."

ಆ ಶುಕ್ರವಾರ ಫಕ್ಕೀರವ್ವನ ಕೈಯಿಂದ ಕೊಡ ಜಾರಿತು. ಗುತ್ಯಪ್ಪ ಅವಳನ್ನು ಊರ ದವಾಖಾನೆಗೆ ಕರೆದುಕೊಂಡು ಹೋದ. ಅಲ್ಲಿ ಡಾಕ್ಟರ್ ಜಾಹೇದಾ ಮುಲ್ಲಾ ಇದ್ದರು. ಊರಿನಲ್ಲಿ ಪಟ್ಟಿ ಹಾಕದ ಒಂದೇ ಕುತ್ತಿಗೆ ಅವರದು; ಕಾರಣ ಕೇಳಿದರೆ "ನನ್ನ ನೋವು ನನ್ನ ಜೋಡಿ ಮಾತಾಡತೈತಿ, ಅದರ ಬಾಯಿ ಯಾಕ ಮುಚ್ಚಿಸಲಿ" ಎನ್ನುವ ಹೆಂಗಸು. ಅವರ ಬೆರಳುಗಳಿಗೆ ಎಂಥ ಕಸುಬೆಂದರೆ, ಗೋಡೆ ಮುಟ್ಟಿ ಆಚೆ ಮನೆಯವರ ನಾಡಿ ಹೇಳುತ್ತಿದ್ದರು.

ಅವರು ಮೊದಲು ಯಂತ್ರವನ್ನಲ್ಲ, ಬಾಯಿಯನ್ನೇ ನೆಚ್ಚಿದರು. ಯಾವಾಗಿನಿಂದ? ಬಿದ್ದಿದ್ದೆಯಾ? ಜ್ವರ ಇದೆಯಾ? ದಿಂಬು ಎಷ್ಟು ಎತ್ತರ? ನಡೆಯುವಾಗ ಕಾಲು ತಡವರಿಸುತ್ತವೆಯೇ? ಆಮೇಲೆ ಗದ್ದವನ್ನು ಎದೆಗೆ, ಕಿವಿಯನ್ನು ಭುಜಕ್ಕೆ ತರಲು ಹೇಳಿದರು. ತಲೆಯನ್ನು ಬಲಕ್ಕೆ ವಾಲಿಸಿ ಮೇಲಿನಿಂದ ಮೆಲ್ಲಗೆ ಒತ್ತಿದಾಗ ಪಟ್ಟಿಯ ತಡೆಯನ್ನೂ ಮೀರಿ ಫಕ್ಕೀರವ್ವನ ತೋಳಿನಲ್ಲಿ ಮಿಂಚು ಹರಿದು ಹೋಯಿತು. ಸಣ್ಣ ರಬ್ಬರ್ ಸುತ್ತಿಗೆಯಿಂದ ಮೊಣಕೈ ತಟ್ಟಿದರು. ಎಡಗೈ ಜಿಗಿಯಿತು, ಬಲಗೈ ಸುಮ್ಮನಿತ್ತು. ಕಣ್ಣು ಮುಚ್ಚಿಸಿ ಬೆರಳಿಗೆ ಸೂಜಿಯ ಮೊನೆ ತಾಗಿಸಿದರು.

"ಏನ ಗೊತ್ತಾತವ್ವಾ?"

"ಏನ ಇಲ್ಲಲ್ರೀ. ಶುರು ಮಾಡ್ರಿ."

ಡಾಕ್ಟರು ಸೂಜಿ ಕೆಳಗಿಟ್ಟರು. "ಐದನೇ ಮತ್ತ ಆರನೇ ಎಲಬಿನ ನಡುವ ನರ ಒತ್ತಾಕತ್ತೈತಿ. ಇದು ಹೊರೆ ಹೊತ್ತವರಿಗೆ ಬರೂದು, ವಯಸ್ಸಾದವರಿಗೆ ಬರೂದು. ಆದ್ರ ಈ ವಾರದಾಗ ನಾನು ನಲವತ್ತು ಮಂದಿನ್ನ ನೋಡೀನಿ. ಸಾಲೀ ಮಾಸ್ತರು, ಕ್ಷೌರದಾಂವ, ಮೊನ್ನೆ ಲಗ್ನ ಆದ ಹುಡುಗಿ. ಎಲ್ಲಾರಿಗೂ ಅದ ಎಲಬು, ಅದ ಬಳ್ಳು, ಅದ ವಾಲು. ಇಷ್ಟು ಮಂದಿಗೆ ಒಂದ ರೋಗ ಬರಾಕ ಸಾಧ್ಯ ಇಲ್ಲ. ಇದು ಒಬ್ಬಾಂವನ ರೋಗ. ಅದನ್ನ ಎಲ್ಲಾರ ಮೈಮ್ಯಾಲ ನಕಲು ಮಾಡ್ಯಾರ." ಅವರು ಗುತ್ಯಪ್ಪನ ಕಡೆ ತಿರುಗಿದರು. "ಹೀಂಗ ಬಿಟ್ರ ಎರಡು ತಿಂಗಳದಾಗ ನರ ಸಾಯತೈತಿ. ಆಮ್ಯಾಲೆ ಈ ಕೈ ವಾಪಸ್ ಬರಂಗಿಲ್ಲ. ತಾಯಿಕುತ್ತಿಗಿ ನೀವ ಅಲ್ಲೇನು? ಹೇಳ್ರಿ, ನಿಮ್ಮದು ಹೆಂಗೈತಿ?"

"ಹೂವು," ಎಂದಿತು ಗುತ್ಯಪ್ಪನ ಬಾಯಿ. ಅವನು ಹೇಳಲಿಲ್ಲ, ಅದೇ ಹೇಳಿತು.

ಫಕ್ಕೀರವ್ವ ಅವನನ್ನೇ ನೋಡಿದಳು. "ಎರಡು ವರ್ಷದಿಂದ ಅಂಗಿ ಗುಂಡಿ ನಾ ಹಾಕಾಕತ್ತೀನಿ," ಎಂದಳು. "ಪ್ರೀತಿಗೆ ಹಾಕಿಸ್ಕೋತೀರಿ ಅಂದ್ಕೊಂಡಿದ್ದೆ. ಬಳ್ಳಿನಾಗ ಜೀವ ಇರಲಿಲ್ಲೇನು ಹಂಗಾರ?"

ಡಾಕ್ಟರು ಅಲ್ಲಿಂದಲೇ ಮೇಘಶ್ಯಾಮನಿಗೆ ಫೋನು ಹಚ್ಚಿದರು. ಆ ಕಡೆ ಹುಡುಗನ ದನಿ ಬತ್ತಿತ್ತು. "ಬರೀ ಬಾಯಲ್ಲಿ ಹೇಳಿದ್ರೆ ಯಂತ್ರ ಒಪ್ಪಲ್ಲ ಡಾಕ್ಟ್ರೇ. ಹೊರೆ ಹೊತ್ತು ಕೊಟ್ಟ ಉತ್ತರ ಅದು. ಹೊರೆ ಹೊತ್ತಾಗಲೇ ಬದಲಾಗ್ಬೇಕು. ಅದೇ ಕಟ್ಟೆ ಮೇಲೆ, ಅದೇ ಪ್ರಶ್ನೆಗೆ."

ಗ್ಯಾಂಗಿನ ಎದುರಿಗೆ ಎಂದರ್ಥ.

ಶನಿವಾರ ಹತ್ತು ಗಂಟೆಗೆ ಪೇಟೆ ತುಂಬಿತ್ತು. ಗುತ್ಯಪ್ಪ ಕಟ್ಟೆ ಹತ್ತಿದ. ಮೂವತ್ತೊಂದು ವರ್ಷ ಆ ಕಟ್ಟೆಯನ್ನು ದಿನಕ್ಕೆ ನೂರು ಸಲ ಹತ್ತಿ ಇಳಿದವನು, ಆ ಲೆಕ್ಕದಲ್ಲಿ ಚಂದ್ರನಿಗೆ ಎರಡು ಸಲ ಹೋಗಿ ಬಂದವನು. ಇವತ್ತು ಮೂರು ಮೆಟ್ಟಿಲಿಗೇ ಏದುಸಿರು ಬಂತು. ಗ್ಯಾಂಗಿನ ಮೂವತ್ತು ಜನ ಸಾಲಾಗಿ ನಿಂತಿದ್ದರು. ರಾಶಿಯ ಪಕ್ಕದಲ್ಲಿ ಫಕ್ಕೀರವ್ವ, ಸುಟ್ಟ ಬೆರಳಿಗೆ ಬಟ್ಟೆ ಸುತ್ತಿಕೊಂಡು. ಮೌಲಾಸಾಬ ಮತ್ತು ಇನ್ನೊಬ್ಬ ಸೇರಿ ಚೀಲ ಎತ್ತಿ ಅವನ ಕತ್ತಿನ ಮೇಲಿಟ್ಟರು.

ಚೀಲ ಕೂತ ಕ್ಷಣ ಗುತ್ಯಪ್ಪನ ತಲೆ ಮುಂದಕ್ಕೆ ಬಗ್ಗಿತು. ಪೇಟೆಯಲ್ಲಿ ನಿಂತ ಸಾವಿರ ಜನರ ಗದ್ದ, ಮೇಲೆ ಏನೂ ಇಲ್ಲದೆಯೇ, ಎದೆಗೆ ಕುಸಿಯಿತು.

"ಹೆಂಗೈತಿ?" ಮೌಲಾಸಾಬ ಕೂಗಿದ.

ಗುತ್ಯಪ್ಪ ಫಕ್ಕೀರವ್ವನ ಬಟ್ಟೆ ಸುತ್ತಿದ ಬೆರಳಿನ ಕಡೆ ಕಣ್ಣು ಹೊರಳಿಸಿದ.

"ಗುತ್ಯಾ, ಹೆಂಗೈತಲೇ?" ದನಿ ಈಗ ಮೆತ್ತಗಾಗಿತ್ತು. ಮೌಲಾಸಾಬನ ಕಣ್ಣು ಬೇಡುತ್ತಿತ್ತು: ಅದೊಂದು ಮಾತು ಹೇಳಿಬಿಡು, ಎಲ್ಲರೂ ಮನೆಗೆ ಹೋಗೋಣ.

"ಬ್ಯಾನಿ ಐತಿ," ಎಂದ ಗುತ್ಯಪ್ಪ. ಸಣ್ಣದಾಗಿ ಹೇಳಿದ್ದು, ಆದರೆ ಪೇಟೆ ಅಷ್ಟು ಸುಮ್ಮನಿತ್ತು, ಮೂರು ಊರಿನಾಚೆಯ ನಾಯಿ ಅದಕ್ಕೆ ಬೊಗಳಿತು. "ಭಾಳ ಬ್ಯಾನಿ ಐತಿ ಮೌಲಾಣ್ಣಾ. ಎರಡು ವರ್ಷಾತು. ಇಳಸ್ರಿ."

ಇಳಿಸಿದರು. ಚೀಲವನ್ನು ನೆಲಕ್ಕಿಟ್ಟ ಮೌಲಾಸಾಬ ಅದರ ಮೇಲೆಯೇ ಕೂತುಬಿಟ್ಟ. ಯಾರೂ ಗುತ್ಯಪ್ಪನ ಮುಖ ನೋಡಲಿಲ್ಲ. ಅವನ ತಲೆಯ ಮೇಲೆ ಸುತ್ತುವ ಕೆಂಪು ರುಮಾಲನ್ನು ಮೌಲಾಸಾಬ ಕೈಚಾಚಿ ಕೇಳಿದ, ಅದು ಗ್ಯಾಂಗಿನದು. ಗುತ್ಯಪ್ಪ ಬಿಚ್ಚಿಕೊಟ್ಟ.

ಗೋದಾಮಿನ ಮಹಡಿಯ ಕಿಟಕಿಯಿಂದ ಮೇಘಶ್ಯಾಮ ಕೂಗಿದ: "ಆಯ್ತು! ರದ್ದಾಯ್ತು! ಈಗ ಬೇರೆ ಒಂದು ಕುತ್ತಿಗೆ ಬೇಕು, ನೋವಿಲ್ಲದ್ದು. ಯಾರು ಬರ್ತೀರಿ?"

ಗ್ಯಾಂಗಿನ ಮೂವತ್ತು ಜನ ಒಬ್ಬರನ್ನೊಬ್ಬರು ನೋಡಿದರು. ಹಿಂದಿನ ಶನಿವಾರವಾಗಿದ್ದರೆ ಮೂವತ್ತೂ ಜನ ಕೈಯೆತ್ತುತ್ತಿದ್ದರು. ಮೌಲಾಸಾಬ ಕೈಯಲ್ಲಿದ್ದ ರುಮಾಲನ್ನು ನೋಡುತ್ತ ಕೂತಿದ್ದವನು, "ನನಗ ಹನ್ನೊಂದು ವರ್ಷದಿಂದ ಎಡಗೈ ಭುಜದ ಮ್ಯಾಲೆ ಏಳಂಗಿಲ್ಲ," ಎಂದ, ಯಾರಿಗೂ ಅಲ್ಲದ ಹಾಗೆ. ಇನ್ನೊಬ್ಬ ತನ್ನ ರುಮಾಲು ಬಿಚ್ಚಿ ಅವನ ತೊಡೆಯ ಮೇಲಿಟ್ಟ. ಆಮೇಲೆ ಇನ್ನೊಬ್ಬ. ದಲಾಲರೂ ಕೈಯೆತ್ತಲಿಲ್ಲ, ಗುಮಾಸ್ತರೂ ಎತ್ತಲಿಲ್ಲ. ಸಂಜೆಯೊಳಗೆ ಮೇಘಶ್ಯಾಮ ಊರಿಡೀ ಸುತ್ತಿ ಬಂದ. ಹನ್ನೊಂದು ಸಾವಿರ ಜನರ ಊರಿನಲ್ಲಿ ಸುಳ್ಳು ಹೇಳದ ಒಂದೇ ಒಂದು ಒಳ್ಳೆಯ ಕುತ್ತಿಗೆ ಸಿಗಲಿಲ್ಲ. ಸೋಮವಾರದಿಂದ ಪಟ್ಟಿಗಳನ್ನು ಸಡಿಲಿಸತೊಡಗಿದರು.

ಆ ಮೂರು ವಾರ ಮೆಣಸಗಟ್ಟಿ ತನ್ನ ತಲೆಯನ್ನು ತಾನೇ ಕೈಯಲ್ಲಿ ಹೊತ್ತು ತಿರುಗಿತು. ಜನ ಒಂದು ಕೈ ಗದ್ದಕ್ಕೆ ಆನಿಸಿ ಸಂತೆ ಮಾಡಿದರು, ಹಸುಗೂಸುಗಳ ಹಾಗೆ ತಲೆ ನಿಲ್ಲಿಸುವುದನ್ನು ಕಲಿತರು. ಹಳೆಯ ನೋವುಗಳೆಲ್ಲ ಸಾಲಾಗಿ ವಾಪಸ್ಸು ಬಂದವು, ಒಬ್ಬೊಬ್ಬರಿಗೂ ಅವರವರದೇ. ಕಡೆಗೆ ಪಟ್ಟಿಗಳನ್ನೆಲ್ಲ ಕಟ್ಟೆಯ ಮೇಲೆ ಗುಡ್ಡೆ ಹಾಕಿ, ಮೇಘಶ್ಯಾಮ ಒಂದೊಂದನ್ನೂ ಕತ್ತರಿಸಿ ತುಂಡು ಮಾಡಿದ. ಪರದೆ ಕಪ್ಪಾಯಿತು.

ತಿಂಗಳ ಮೇಲೆ ಡಾಕ್ಟರು ಗಂಡಹೆಂಡಿರಿಬ್ಬರನ್ನೂ ಕರೆಸಿದರು. ಮಧ್ಯಾಹ್ನ ಮೂರು ಗಂಟೆ. ಹೊರಗಿನ ಬೆಂಚುಗಳ ಮೇಲೆ ಇಪ್ಪತ್ತು ಮೂವತ್ತು ಜನ ತಮ್ಮ ಸರದಿಗೆ ಕಾಯುತ್ತಿದ್ದರು. ಒಬ್ಬರ ಕತ್ತಿನಲ್ಲೂ ಪಟ್ಟಿಯಿರಲಿಲ್ಲ. ಮೊದಲು ಫಕ್ಕೀರವ್ವ. ಕಣ್ಣು ಮುಚ್ಚಿಸಿ ಹೆಬ್ಬೆರಳಿಗೆ ಒಮ್ಮೆ ಹತ್ತಿ, ಒಮ್ಮೆ ಸೂಜಿ ತಾಗಿಸಿದರು.

"ಹತ್ತಿ," ಎಂದಳು. "ಸೂಜಿ. ಸೂಜಿ. ಹತ್ತಿ. ಅಯ್ಯೋ ನಿಮ್ಮ, ಎಷ್ಟ ಚುಚ್ಚತೀರಿ!"

ಡಾಕ್ಟರು ನಕ್ಕರು. ಅವಳೂ ನಕ್ಕಳು. ಗುತ್ಯಪ್ಪನ ಸ್ಕ್ಯಾನಿನ ಚಿತ್ರ ಬೆಳಕಿನ ಹಲಗೆಯ ಮೇಲೆ ನೇತಾಡುತ್ತಿತ್ತು; ಐದು ಮತ್ತು ಆರರ ನಡುವಿನ ಮೆತ್ತೆ ಹೊರಗುಬ್ಬಿ ನರದ ಮೇಲೆ ಕೂತಿತ್ತು.

"ಇನ್ನ ನಿಮ್ಮದು. ಈ ಸಲ ಹೂವು ಗೀವು ಅಂದ್ರ ನಡಿಯಂಗಿಲ್ಲ," ಎಂದು ಡಾಕ್ಟರು ಪರದೆ ಎಳೆದು, ಅವನನ್ನು ಆ ಬದಿಯ ಮಂಚದ ಮೇಲೆ ಬೋರಲು ಮಲಗಿಸಿದರು. ಈ ಬದಿಯಲ್ಲಿ ಫಕ್ಕೀರವ್ವ ಸ್ಟೂಲಿನ ಮೇಲೆ ಉಳಿದಳು. ಹೆಬ್ಬೆರಳಿನಿಂದ ಒಂದೊಂದೇ ಎಲುಬನ್ನು ಒತ್ತುತ್ತ ಡಾಕ್ಟರು ಕೆಳಗಿಳಿದರು. ಎರಡು. ಮೂರು. ನಾಲ್ಕು. ಐದರ ಕೆಳಗೆ ಬಂದಾಗ ಗುತ್ಯಪ್ಪನ ಕಣ್ಣಿಗೆ ಕತ್ತಲೆ ಕವಿಯಿತು. ಮೂವತ್ತೊಂದು ವರ್ಷದ ರೂಢಿ. ಹಲ್ಲು ಕಚ್ಚಿದ, ಉಸಿರೂ ಬಿಡಲಿಲ್ಲ.

"ಅಲ್ಲೇ," ಎಂದಳು ಪರದೆಯಾಚೆಯಿಂದ ಫಕ್ಕೀರವ್ವ.

ಡಾಕ್ಟರ ಕೈ ನಿಂತಿತು. ಅವರು ಹೆಬ್ಬೆರಳನ್ನು ಸದ್ದಿಲ್ಲದೆ ಮೇಲಕ್ಕೆ ಸರಿಸಿ ಒತ್ತಿದರು. ಆಚೆ ಬದಿ ಸುಮ್ಮನಿತ್ತು. ಮತ್ತೆ ಕೆಳಗೆ ತಂದರು.

"ಅಲ್ಲೇ ಡಾಕ್ಟರ," ಎಂದಳು ಫಕ್ಕೀರವ್ವ. "ಅಲ್ಲೇ ಬ್ಯಾನಿ ಐತಿ. ನೀವು ನನ್ನ ಮುಟ್ಟಿಲ್ಲಲ್ರೀ? ಯಾಕ ನೋಯತೈತಿ?"

"ಅಲ್ಲೇ," ಎಂದಿತು ಹೊರಗಿನ ಬೆಂಚಿನಿಂದ ಒಂದು ಮುದಿ ದನಿ.

"ಅಲ್ಲೇ," ಇನ್ನೊಂದು. ಆಮೇಲೆ ಬೆಂಚುಗಳುದ್ದಕ್ಕೂ ಒಂದಾದ ಮೇಲೊಂದು, ನಿದ್ದೆಯಲ್ಲಿ ಮಾತಾಡುವವರ ಹಾಗೆ. ಆಮೇಲೆ ಬೀದಿಯಿಂದ. ಕಿಟಕಿಯಾಚೆ ಪೇಟೆಯ ಗದ್ದಲ ಒಂದೇ ಏಟಿಗೆ ನಿಂತುಹೋಗಿತ್ತು. ಪಟ್ಟಿಗಳು ಹೋಗಿದ್ದವು, ಕುತ್ತಿಗೆಗಳು ಕಲಿತದ್ದು ಹೋಗಿರಲಿಲ್ಲ.

ಡಾಕ್ಟರ್ ಜಾಹೇದಾ ಮುಲ್ಲಾ ಒತ್ತಲಿಕ್ಕೂ ಹೆದರಿದರು, ಬೆರಳು ತೆಗೆಯಲಿಕ್ಕೂ ಹೆದರಿದರು. ಅವರ ಹೆಬ್ಬೆರಳು ಗುತ್ಯಪ್ಪನ ಕತ್ತಿನ ಮೇಲೆ ಹಾಗೆಯೇ ಉಳಿಯಿತು. ಆಮೇಲೆ ಬಾಗಿ, ಅವನ ಕಿವಿಯಲ್ಲಿ ಮೆಲ್ಲಗೆ ಕೇಳಿದರು: "ಗುತ್ಯಪ್ಪ, ನಿಮಗ ಎಷ್ಟ ನೋವೈತಿ? ಖರೇ ಹೇಳ್ರಿ."

ಗುತ್ಯಪ್ಪ ಉತ್ತರ ಹೇಳಲು ಉಸಿರೆಳೆದುಕೊಂಡ. ಕಿಟಕಿಯ ಹೊರಗೂ ಯಾರೋ ಉಸಿರೆಳೆದುಕೊಂಡ ಸದ್ದು ಕೇಳಿಸಿತು. ಅದು ಒಂದೇ ಉಸಿರು; ಇಡೀ ಊರಿನಷ್ಟು ದೊಡ್ಡದು.